ಶಹಾ ಸತ್ತಿಲ್ಲ

ಶಹಾಪುರ
ಹತ್ತಿ ಬಿಡಿಸುವ ಕಾಲ

ಮೆಹಬೂಬ ಕಾಕಾ ಅವರಿಗೆ ಮಲ್ಲೇಶ್ವರಿಯ ಸಲಾಮು.

ನಾನು ಪತ್ರ ಬರೆಯುವವಳಲ್ಲ. ಆದರೆ ಫೋನು ಮಾಡಿದರೆ ಚಮನಬೀ ಕಾಕಿ ಎತ್ತುತ್ತಾರೆ. "ಅವರು ಮನಿಯಾಗಿಲ್ಲ ಬೇಟಿ, ಹೊರಗ ಹೋಗ್ಯಾರ" ಎನ್ನುತ್ತಾರೆ. ಅವರ ಬೆನ್ನ ಹಿಂದೆ ನಿಮ್ಮ ಕೆಮ್ಮು ಕೇಳುತ್ತಿರುತ್ತದೆ. ಕಾಕಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿಮಗೆ ಕೆಮ್ಮು ತಡೆಯಲು ಬರುವುದಿಲ್ಲ. ಹೋದ ತಿಂಗಳು ಸುರಪುರಕ್ಕೇ ಬಂದೆ. ನಾನು ಅಂಗಡಿಯ ಮೆಟ್ಟಿಲು ಹತ್ತುವುದನ್ನು ನೋಡಿದ ಕೂಡಲೇ ನೀವು ಹತ್ತಿ ಹಿಂಜುವ ಮಷೀನು ಚಾಲೂ ಮಾಡಿದಿರಿ. ಆ ಸದ್ದಿನಲ್ಲಿ ನಾನು ಏನು ಹೇಳಿದರೂ ಕೇಳುತ್ತಿರಲಿಲ್ಲ. ಮಷೀನಿನೊಳಗೆ ಹತ್ತಿ ಇರಲಿಲ್ಲ ಕಾಕಾ, ಅದು ಖಾಲಿ ತಿರುಗುತ್ತಿತ್ತು. ಕಾಗದದ ಎದುರು ಮಷೀನು ಚಾಲೂ ಮಾಡಿ ಉಪಯೋಗವಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಹೇಳಬೇಕಾದದ್ದನ್ನು ಕಡೆಯ ಸಾಲಿನವರೆಗೆ ಬಚ್ಚಿಡುವ ಪತ್ರ ನನಗೆ ಸೇರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ: ನೀವು ನಮ್ಮ ಮನೆಗೆ ಬಂದು ಅಪ್ಪನ ಎದುರು ಕೂರಬೇಕು. ಯುಗಾದಿಯಾದ ಮೇಲಿನ ಆ ಮಧ್ಯಾಹ್ನ ನಿಮ್ಮ ಅಂಗಡಿಯ ಕಟ್ಟೆಯ ಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಕಾಲಿಗೆ ಈಗ ಸ್ವಲ್ಪ ಕಸುವು ಬಂದಿದೆ, ಗೋಡೆ ಹಿಡಿದು ಬಚ್ಚಲವರೆಗೆ ಹೋಗುತ್ತಾರೆ. ಮಾತು ಬಂದಿಲ್ಲ. ಆಸ್ಪತ್ರೆಗೆ ಓಡಾಡಲು ಅನುಕೂಲವೆಂದು ಅಪ್ಪ ಅವ್ವ ಇಬ್ಬರನ್ನೂ ಶಹಾಪುರಕ್ಕೆ ಕರೆದುಕೊಂಡು ಬಂದಿದ್ದೇನೆ. ಅವರು ಬದುಕಿದ್ದಾರೆ ಕಾಕಾ. ಆದರೆ ನೀವು ಮಣ್ಣಿಗೆ ಹೋಗಿ ಬಂದವರ ಹಾಗೆ ಇದ್ದೀರಿ ಎಂದು ಕಾಕಿ ಹೇಳುತ್ತಾರೆ. ಅಂಗಡಿಯ ಕಟ್ಟೆಯ ಮೇಲೆ ಯಾರೂ ಕೂರಬಾರದೆಂದು ಅಲ್ಲಿ ಹಳೆಯ ಗಾದಿಗಳನ್ನು ಒಟ್ಟಿದ್ದೀರಂತೆ. ಚದುರಂಗದ ಮಣೆಯನ್ನು ಮಡಚಿ, ಕಾಯಿಗಳ ಸಮೇತ ಅಪ್ಪನ ಬಟ್ಟೆಯ ಚೀಲದಲ್ಲಿ ಹಾಕಿ ಕಳಿಸಿದಿರಿ, ಒಂದು ಮಾತೂ ಹೇಳದೆ.

ಆ ಮಣೆ ಈಗ ನನ್ನ ಎದುರಿಗಿದೆ. ಮಣೆ ಎನ್ನುವುದು ಅಭ್ಯಾಸದಿಂದ, ಅದು ಬಟ್ಟೆ. ಗಾದಿ ಹೊಲಿದು ಉಳಿದ ತುಂಡುಗಳಲ್ಲಿ ಬಿಳಿಯದೊಂದು ನೀಲಿಯದೊಂದು ಚೌಕ ಕತ್ತರಿಸಿ ನೀವೇ ಹೊಲಿದದ್ದು. ಸಣ್ಣವಳಿದ್ದಾಗ ನಾನು ಅದರ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ನಿಮ್ಮಿಬ್ಬರ ನಡುವೆ ಕೂತಿರುತ್ತಿದ್ದೆ. ಅಪ್ಪ ವಿದ್ಯುತ್ ಕಂಬ ಹತ್ತಿ ಇಳಿದು, ಸೊಂಟದ ಬೆಲ್ಟು ಬಿಚ್ಚಿ ಪಕ್ಕಕ್ಕಿಟ್ಟು, ನಿಮ್ಮ ಕಟ್ಟೆಗೆ ಬರುತ್ತಿದ್ದರು. ಗಾಳಿಗೆ ಹಾರಿದ ಹತ್ತಿ ಆನೆಯ ಮೇಲೆ, ಒಂಟೆಯ ಮೇಲೆ ಕೂರುತ್ತಿತ್ತು. ಅದನ್ನು ಊದಿ ಊದಿ ಆಡುತ್ತಿದ್ದಿರಿ. ಆಡುವುದಕ್ಕಿಂತ ಹೆಚ್ಚು ಜಗಳಾಡುತ್ತಿದ್ದಿರಿ.

"ಲೇ ದ್ಯಾವ್ಯಾ, ನಿನ್ನ ಮಂತ್ರಿ ಎಲ್ಲಿ ಹೋಗ್ಯಾನೋ? ದೇವಾಪುರದ ಸಂತಿಗೆ ಕಳಿಸಿಯೇನು?"

"ನನ್ನ ಮಂತ್ರಿ ಎಲ್ಲ್ಯರ ಹೋಗಲಿ. ಮೊದಲ ನಿನ್ನ ಒಂಟಿ ಎಬ್ಬಸು ಸಾಬಾ. ಮುಂಜಾನಿಂದ ಒಂದ ಮನ್ಯಾಗ ಮಲಗೈತಿ, ಗಾದಿ ಅಂಗಡಿ ಅಂತ ತಿಳಕೊಂಡೈತಿ."

ನೀವಿಬ್ಬರೂ ಈಗಿನ ಶಾಲೆಗಳಲ್ಲಿ ಕಲಿಸುವ ಹಾಗೆ ಆಡುತ್ತಿರಲಿಲ್ಲ. ನಿಮ್ಮ ಉಸ್ತಾದರಿಂದ ನಿಮಗೆ ಬಂದ, ನಿಮ್ಮಿಂದ ಅಪ್ಪನಿಗೆ ಬಂದ ಕಟ್ಟಳೆಗಳಿದ್ದವು. ಅವುಗಳಲ್ಲಿ ದೊಡ್ಡದು ಪ್ಯಾದಿ ಮಾತ್. ಮಂತ್ರಿಯಿಂದ, ಆನೆಯಿಂದ ರಾಜನನ್ನು ಕಟ್ಟಿಹಾಕಿದರೆ ಅದು ಬರೀ ಗೆಲುವು. ಎಲ್ಲಕ್ಕಿಂತ ಸಣ್ಣ ಕಾಯಿಯಾದ ಪ್ಯಾದಿಯಿಂದ ಕಟ್ಟಿಹಾಕಿದರೆ ಮಾತ್ರ ಮರ್ಯಾದೆ. ಹಾಗೆ ಸೋತವನು ಎದ್ದು ನಿಲ್ಲಬೇಕು. ತನ್ನ ರಾಜನನ್ನು ಕಟ್ಟಿದ ಆ ಪ್ಯಾದಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಎರಡೂ ಕೈಯಿಂದ ಗೆದ್ದವನಿಗೆ ಕೊಡಬೇಕು. ಗೆದ್ದವನು ಅದನ್ನು ಜೇಬಿನಲ್ಲಿಟ್ಟು ಮನೆಗೆ ಒಯ್ಯಬೇಕು. ಅವನು ಒಯ್ದು ವಾಪಸು ತರುವವರೆಗೆ ಆ ಮಣೆಯ ಮೇಲೆ ಬೇರೆ ಆಟವಿಲ್ಲ. ಬೇರೆ ಕಟ್ಟೆಗಳಲ್ಲಿ ಹೀಗೆ ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ಕಟ್ಟೆಯಲ್ಲಿ ಅದು ಕಾನೂನು.

ಆದರೆ ಅದು ನಡೆದದ್ದನ್ನು ನಾನು ನೋಡಿರಲಿಲ್ಲ. ನೀವಿಬ್ಬರೂ ಜೀವಮಾನವಿಡೀ ಅದಕ್ಕೆ ಪ್ರಯತ್ನಿಸಿದಿರಿ. ಕಣ್ಣೆದುರಿಗೆ ಗೆಲುವಿದ್ದರೂ ಅದನ್ನು ಬಿಟ್ಟು ಒಂದು ಪ್ಯಾದಿಯ ಬೆನ್ನು ಹತ್ತಿ ಎಷ್ಟೋ ಆಟ ಕೆಡಿಸಿಕೊಂಡಿರಿ. ಅವ್ವ ನಗುತ್ತಿದ್ದಳು: "ಹೋಳಿಗಿ ಬಿಟ್ಟು ಹೂರಣದ ಗಡಿಗಿ ನೆಕ್ಕವರು ಇವರು. ಒಬ್ಬಂವಗರ ಶಾಣ್ಯಾತನ ಬ್ಯಾಡನು?" ಅಪ್ಪನಿಗೂ ನಗು ಬರುತ್ತಿತ್ತು. ಆದರೂ ಮರುದಿನ ಮತ್ತೆ ಅದೇ.

ಆ ಮಧ್ಯಾಹ್ನ ಏನಾಯಿತೆಂದು ನನಗೆ ಹೇಳಿದ್ದು ಚಮನಬೀ ಕಾಕಿ. ಚಹಾ ತಂದು ಇಡಲು ಬಂದಿದ್ದರಂತೆ. ನೀವು ಪ್ಯಾದಿಯನ್ನು ಒಂದು ಮನೆ ಮುಂದೆ ಸರಿಸಿ, ಬಹಳ ಮೆಲ್ಲಗೆ, ನಿಮಗೇ ನಂಬಿಕೆ ಇಲ್ಲದವರ ಹಾಗೆ "ಶಹಾ... ಮಾತ್" ಎಂದಿರಂತೆ. "ನಿಮ್ಮಪ್ಪ ಪ್ಯಾದಿ ನೋಡಿದ ಬೇಟಿ, ಇವರ ಮುಖ ನೋಡಿದ, ಮತ್ತ ಪ್ಯಾದಿ ನೋಡಿದ. ಕಣ್ಣು ಹಿಂಗ ದೊಡ್ಡವು ಮಾಡಿದ. ಬಾಯಿ ತೆರದ. ಬೈತಾನ ಅಂತ ನಾ ತಿಳಕೊಂಡೆ. ಬೈಲಿಲ್ಲ. ಪ್ಯಾದಿ ಕೈಯಾಗ ತಗೊಂಡು ಏಳಾಕ ಹೋದ, ಬಿದ್ದ." ಅವರನ್ನು ಆಟೋದಲ್ಲಿ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಸುರಪುರದ ದವಾಖಾನೆಗೆ, ಅಲ್ಲಿಂದ ಯಾದಗಿರಿಗೆ ಕರೆದುಕೊಂಡು ಹೋದವರು ನೀವು. ಇನ್ನೂ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನೀವು ಕೇಳಿಸಿಕೊಂಡಿರೋ ಇಲ್ಲವೋ. ನಾನು ಬರುವ ಹೊತ್ತಿಗೆ ನೀವು ವಾರ್ಡಿನ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದಿರಿ. ನನ್ನನ್ನು ನೋಡಿ ಹೇಳಿದ ಮಾತು ಇದು:

"ಮಲ್ಲೂ, ನಾ ಮಾತ್ ಅಂದೆ, ಅಂವ ಬಿದ್ದ. ಶಹಾ ಮಾತ್ ಅಂದ್ರ ಶಹಾ ಸತ್ತ ಅಂತ ನಮ್ಮ ಉಸ್ತಾದ ಹೇಳ್ತಿದ್ರು. ಆ ಶಬ್ದದಾಗ ಮೌತ್ ಐತವ್ವ. ನಾ ಅದನ್ನ ನನ್ನ ದೋಸ್ತನ ಮಾರಿಗೆ ಒಗದೆ."

ನನ್ನ ಸ್ವಭಾವ ನಿಮಗೆ ಗೊತ್ತಿದೆ, ಆಡಬೇಕಾದ ಮಾತು ನನಗೆ ತಡವಾಗಿ ಸಿಗುತ್ತದೆ. ನಾನು ಅದನ್ನು ಹುಡುಕುತ್ತಿರುವಾಗ ನೀವು ಮೆಟ್ಟಿಲಿಳಿದು ಹೋಗಿದ್ದಿರಿ.

ಸರ್ವೆ ಆಫೀಸಿನಲ್ಲಿ ಹಗಲೆಲ್ಲ ನಾನು ಹೊಲಗಳ ಗಡಿಗೆರೆ ನೋಡುತ್ತೇನೆ. ಸಂಜೆ ದೂರದೇಶದವರ ಕಾದಂಬರಿಗಳನ್ನು ಕನ್ನಡದಲ್ಲಿ ಓದುತ್ತೇನೆ. ಅನುವಾದಗಳನ್ನು ಓದುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಕಣ್ಣು ಕನ್ನಡದ ಶಬ್ದದ ಮೇಲಿರುತ್ತದೆ, ಮನಸ್ಸು ಅದರ ಹಿಂದೆ ಯಾವ ಶಬ್ದ ನಿಂತಿದೆಯೋ ಎಂದು ಇಣುಕುತ್ತಿರುತ್ತದೆ. ಒಮ್ಮೆ ಒಂದು ಫ್ರೆಂಚ್ ಕಾದಂಬರಿಯಲ್ಲಿ ಚದುರಂಗದ ಮಣೆಯ ಮೇಲೆ ಒಬ್ಬ ಹುಚ್ಚ ಓರೆಯಾಗಿ ಓಡಿದ. ಅನುವಾದಕರು ತಪ್ಪಿದ್ದಾರೆ ಎಂದುಕೊಂಡೆ. ತಪ್ಪಿರಲಿಲ್ಲ. ನೀವು ಒಂಟೆ ಎನ್ನುವ ಕಾಯಿಯೇ ಫ್ರೆಂಚರಿಗೆ ರಾಜನ ಆಸ್ಥಾನದ ಹುಚ್ಚ. ಇಂಗ್ಲಿಷರಿಗೆ ಅದು ಪಾದ್ರಿ, ಜರ್ಮನರಿಗೆ ಓಟಗಾರ, ರಷ್ಯನ್ನರಿಗೆ ಆನೆ. ಕಾಯಿ ಒಂದೇ, ನಡಿಗೆ ಒಂದೇ. ಊರಿಂದ ಊರಿಗೆ ಹೋಗುವಾಗ ಮೈ ಬದಲಾಯಿಸಿಕೊಂಡಿದೆ. ನಿಮ್ಮ ಒಂಟೆ ಇಷ್ಟು ದೇಶ ತಿರುಗಿದೆ ಎಂದು ಅಪ್ಪನಿಗೆ ಹೇಳಿದಾಗ, "ಅದಕ್ಕ ಸಾಬನ ಕೈಯಾಗ ಬಂದು ಮಲಗಿಬಿಟ್ಟೈತಿ, ದಣದೈತಿ" ಎಂದಿದ್ದರು.

ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ಕೂತು ಓದಲೆಂದು ಒಂದು ರಷ್ಯನ್ ಕತೆಗಳ ಪುಸ್ತಕ ತಂದಿದ್ದೆ. ಅದರಲ್ಲಿ ಇಬ್ಬರು ಮುದುಕರು ಚದುರಂಗ ಆಡುತ್ತಾರೆ. ಕೊನೆಯ ನಡೆ ನಡೆಸಿದವನು ಹೇಳುತ್ತಾನೆ: "ರಾಜ ಸತ್ತ." ಕಾಕಾ, ನೀವು ವಾರ್ಡಿನ ಹೊರಗೆ ನಿಂತು ಹೇಳಿದ್ದೇ ಅದು. ಪುಸ್ತಕ ಮುಚ್ಚಿದೆ. ಇಲ್ಲಿ ಅನುವಾದಕರ ಹಿಂದೆ ನಿಂತಿದ್ದ ಶಬ್ದ ಯಾವುದೆಂದು ತಿಳಿಯದೆ ನನಗೆ ಇರಲಾಗಲಿಲ್ಲ. ರಷ್ಯನ್ನಿನಲ್ಲಿ ಅದು "ಶಾಖ್ ಮಾತ್". ಅಂದರೆ ಆ ದೂರದ ಮಂಜಿನ ಊರಿನಲ್ಲಿ ಕೂತ ಮುದುಕ ಆಡಿದ್ದು ಸುರಪುರದ ಗಾದಿ ಅಂಗಡಿಯ ಕಟ್ಟೆಯ ಮೇಲೆ ನೀವು ಆಡಿದ ಮಾತನ್ನೇ. ಅದನ್ನು ತಿಳಿದ ದಿನ ನನಗೆ ಆಫೀಸಿನಲ್ಲಿ ಕೆಲಸ ಸಾಗಲಿಲ್ಲ. ಇಡೀ ಆಟಕ್ಕೇ ಅವರು ಈ ಎರಡು ಶಬ್ದಗಳಿಂದ ಹೆಸರಿಟ್ಟಿದ್ದಾರೆ: ಶಾಖ್ಮಾತಿ.

ಮುಂದೆ ಹುಡುಕಿದಷ್ಟೂ ಕಂಡಿತು. ಜರ್ಮನರು ಶಾಖ್ ಮಾಟ್ ಎನ್ನುತ್ತಾರೆ, ಫ್ರೆಂಚರು ಎಶೆಕ್ ಎ ಮಾತ್, ಸ್ಪೇನಿನವರು ಹಾಕೆ ಮಾತೆ, ಇಟಲಿಯವರು ಸ್ಕಾಕ್ಕೊ ಮಾತ್ತೊ. ಇಂಗ್ಲಿಷರ ಚೆಕ್‌ಮೇಟ್ ಕೂಡ ಅದೇ. ಬ್ಯಾಂಕಿನಲ್ಲಿ ಬರೆದುಕೊಡುವ ಚೆಕ್ಕಿನೊಳಗೂ, ಅದರ ಬೇರು ಹಿಡಿದು ಹಿಂದಕ್ಕೆ ಹೋದರೆ, ಒಬ್ಬ ಶಹಾ ಕೂತಿದ್ದಾನೆ. ಆಟವೇನೋ ನಮ್ಮ ಕಡೆಯದೇ. ಚತುರಂಗ ಎಂಬ ಹೆಸರು ಹೊತ್ತು ಇರಾನಿಗೆ ಹೋಯಿತು, ಅಲ್ಲಿ ಚತ್ರಂಗ್ ಆಯಿತು, ಅರಬರ ಬಾಯಲ್ಲಿ ಶತ್ರಂಜ್ ಆಯಿತು. ನಂತರ ಆ ದೇಶಗಳ ಶಬ್ದಗಳನ್ನು ಕಟ್ಟಿಕೊಂಡು, ಮನೆಗೆ ಬಂದ ಮಗಳ ಹಾಗೆ, ಮತ್ತೆ ದಖ್ಖನಿಗೆ ಬಂತು. ನೀವು "ಶತ್ರಂಜ್" ಎನ್ನುವಾಗ ಅಪ್ಪ "ಚದುರಂಗ" ಎನ್ನುತ್ತಿದ್ದರು. ಒಂದೇ ಶಬ್ದವನ್ನು ಅದರ ಎರಡು ತುದಿಗಳಿಂದ ಹಿಡಿದುಕೊಂಡು ನೀವಿಬ್ಬರೂ ಎದುರುಬದುರು ಕೂತಿದ್ದಿರಿ. ನನಗೆ ಇದು ಗೊತ್ತೇ ಇರಲಿಲ್ಲ.

ಆದರೆ ನನಗೆ ಬೇಕಾಗಿದ್ದದ್ದು "ಮಾತ್". ನಮ್ಮ ಓಣಿಯ ಹೈಸ್ಕೂಲಿನಲ್ಲಿ ಉರ್ದು ಕಲಿಸುವ ಗಯಾಸ ಸರ್ ಹೈದರಾಬಾದಿನಲ್ಲಿ ಫಾರ್ಸಿ ಓದಿದವರು. ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ, ನಿಮ್ಮ ಉಸ್ತಾದರ ಮಾತು ಹೇಳಿ ಕೇಳಿದೆ. ಮಾತ್ ಎಂದರೆ ಸತ್ತ ಎಂದೇ?

"ಹಂಗ ಬಹಳ ಮಂದಿ ಹೇಳ್ತಾರ್ರಿ ಮೇಡಂ. ಅರಬ್ಬಿದಾಗ 'ಮಾತಾ' ಅಂದ್ರ ಸತ್ತ, ಖರೇ ಅದ. ಅರಬ್ಬಿಯವರು ತಮ್ಮ ಕಿವಿಯಿಂದ ಕೇಳಿದ್ರು, ಸತ್ತ ಅಂತ ತಿಳಕೊಂಡ್ರು. ನಿಮ್ಮ ಕಾಕಾನ ಉಸ್ತಾದಗೂ ಅದೇ ಹೇಳ್ಯಾರ. ಆದ್ರ ಶಬ್ದ ಬಂದದ್ದು ಫಾರ್ಸಿಯಿಂದ ಅಂತ ಓದಿದವರು ಭಾಳ ಮಂದಿ ಹೇಳ್ತಾರ. ಫಾರ್ಸಿದಾಗ ಮಾತ್ ಅಂದ್ರ..."

ಅಷ್ಟು ಹೇಳಿ ಅವರು ನಿಂತರು, ಕನ್ನಡದ ಶಬ್ದ ಸಿಗಲಿಲ್ಲವೋ ಏನೋ. ಕೈಯಲ್ಲಿದ್ದ ರೊಟ್ಟಿಯ ತುಂಡು ಗಾಳಿಯಲ್ಲೇ ನಿಂತಿತು. ಕಣ್ಣು ದೊಡ್ಡದು ಮಾಡಿದರು. ಬಾಯಿ ತೆರೆದರು. ಹಾಗೇ ಕೂತರು. ಪಕ್ಕದ ಮೇಜಿನ ಮೇಷ್ಟ್ರು, "ಏನ್ರಿ ಗಯಾಸ ಸರ, ಬದನಿಕಾಯ್ಯಾಗ ಹುಳ ಬಂತೇನು?" ಎಂದು ನಕ್ಕರು.

"ಹಿಂಗ್ರಿ ಮೇಡಂ," ಎಂದರು ಗಯಾಸ ಸರ್. "ದಿಕ್ಕು ತಿಳೀಲಾರದೆ, ದಂಗಾಗಿ, ಬೆರಗಾಗಿ ನಿಂತಾವ. ದಾರಿ ಮುಗದ್ಹೋದಾವ. ಇರಾನಿನವರು ಈಗೂ ಏನರ ಕಂಡು ಬಾಯಿ ಬಿಟ್ಟರ, 'ಮಾತ್ ನನ್ನ ಒಯ್ತು' ಅಂತಾರ."

ಕಾಕಾ, ಅವರ ಮುಖವನ್ನು ನೋಡುತ್ತಾ ಅದನ್ನು ಮೊದಲೇ ನೋಡಿದ್ದೇನೆ ಎನಿಸಿತು. ಚಮನಬೀ ಕಾಕಿ ನನಗೆ ಮಾಡಿ ತೋರಿಸಿದ್ದು ಇದೇ ಮುಖವನ್ನು. ಕಣ್ಣು ದೊಡ್ಡವು, ಬಾಯಿ ತೆರೆದದ್ದು, ಬೈಗುಳ ಬರದದ್ದು. ನೀವು ನೋಡಿದ್ದೂ ಅದನ್ನೇ. ನೀವು ಅದನ್ನು ಸಾವು ಎಂದು ಓದಿದಿರಿ.

ಮನೆಗೆ ಬಂದು ಮಣೆಯನ್ನು ಹಾಸಿ ಸುಮ್ಮನೆ ನೋಡುತ್ತಾ ಕೂತೆ. ಆಗ ಹೊಳೆದದ್ದು ಎಷ್ಟು ಸಾದಾ ಎಂದರೆ, ಇಷ್ಟು ವರ್ಷ ನಿಮ್ಮ ಪಕ್ಕ ಕೂತೂ ಕಾಣಲಿಲ್ಲವಲ್ಲ ಎನಿಸಿತು. ಈ ಆಟದಲ್ಲಿ ಆನೆ ಸಾಯುತ್ತದೆ, ಕುದುರೆ ಸಾಯುತ್ತದೆ, ಮಂತ್ರಿ ಸಾಯುತ್ತಾನೆ. ಎಲ್ಲರೂ ಮಣೆಯ ಆಚೆ ಹೋಗಿ ರಾಶಿ ಬೀಳುತ್ತಾರೆ. ರಾಜ ಮಾತ್ರ ಯಾವತ್ತೂ ಆಚೆ ಹೋಗುವುದಿಲ್ಲ. ಅವನ ಮೇಲೆ ಯಾರೂ ಕೈ ಹಾಕುವುದಿಲ್ಲ. ಅವನಿಗೆ ಬೇರೆ ದಾರಿಯಿಲ್ಲ ಎಂದು ತಿಳಿದ ಕ್ಷಣದಲ್ಲಿ ಆಟವೇ ನಿಂತುಬಿಡುತ್ತದೆ. ಮೂವತ್ತೆರಡು ಕಾಯಿಗಳಲ್ಲಿ ಸಾವಿಲ್ಲದವರು ಆ ಇಬ್ಬರು ರಾಜರೇ. ಈ ಆಟ ಕಟ್ಟಿದವರು ಯಾರೋ ಗೊತ್ತಿಲ್ಲ. ಅವರು ರಾಜನನ್ನು ಕೊಲ್ಲಲಿಲ್ಲ. ಅವನನ್ನು ಬೆರಗಾಗಿಸಿ ಅಲ್ಲಿಗೇ ಬಿಟ್ಟರು. ಇದನ್ನು ನೆನೆದಾಗಲೆಲ್ಲ ನನಗೆ, ದೊಡ್ಡ ಕೆರೆಯ ದಂಡೆಯ ಮೇಲೆ ನಿಂತವಳ ಹಾಗೆ, ಮಾತಾಡಬೇಕೆನಿಸುವುದಿಲ್ಲ.

ಇನ್ನೊಂದನ್ನು ಮುಚ್ಚಿಡದೆ ಹೇಳಬೇಕು. ಈ ಶಬ್ದದ ಬಗ್ಗೆ ಪಂಡಿತರಲ್ಲಿ ಪೂರ್ತಿ ಒಮ್ಮತವಿಲ್ಲ. ಒಂದೊಂದು ದೇಶದವರ ಕಿವಿಗೂ ಅದು ಒಂದೊಂದಾಗಿ ಕೇಳಿಸಿದೆ. ಅರಬರಿಗೆ ಸಾವು. ಸ್ಪೇನಿನಲ್ಲಿ ಕೊಲ್ಲುವುದಕ್ಕೆ ಮಾತಾರ್ ಎನ್ನುತ್ತಾರೆ, ಅವರಿಗೂ ಅದೇ ನೆನಪಾಗುತ್ತಿರಬೇಕು. ಇಟಲಿಯಲ್ಲಿ ಮಾತ್ತೊ ಎಂದರೆ ಹುಚ್ಚ. ಜರ್ಮನಿಯಲ್ಲಿ ಮಾಟ್ ಎಂದರೆ ದಣಿದವನು, ಕಳೆಗುಂದಿದವನು. ಕನ್ನಡದ ಕಿವಿಗೆ ಅದು ಏನಾಗಿ ಕೇಳುತ್ತದೆ ಎಂದು ನಾನು ಹೇಳಬೇಕಿಲ್ಲ. ಮಾತು ಹೋದವರ ಮನೆಯಲ್ಲಿ ಕೂತು ಆ ಶಬ್ದದ ಆಟ ಆಡುವ ಮನಸ್ಸು ನನಗಿಲ್ಲ. ಹೇಳುವುದು ಇಷ್ಟೇ: ಅದರಲ್ಲಿ ಸಾವೇ ಇದೆ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಡಾಕ್ಟರು ಆಣೆ ಮಾಡಿಯೇ ಹೇಳಿದ್ದಾರೆ: ಇದು ಬಿಪಿಯಿಂದ ರಕ್ತ ಹೆಪ್ಪುಗಟ್ಟಿ ಆದದ್ದು, ಅವರು ಆ ಹೊತ್ತಿನಲ್ಲಿ ಕಂಬದ ಮೇಲಿದ್ದರೂ ಮನೆಯಲ್ಲಿ ಮಲಗಿದ್ದರೂ ಆಗುತ್ತಿತ್ತು. ಕಂಬದ ಮೇಲಾಗಿದ್ದರೆ ತೊಡೆ ಕೊಡಲು ನೀವಿರುತ್ತಿರಲಿಲ್ಲ.

ಇಷ್ಟು ಬರೆದೂ ನನಗೆ ಗೊತ್ತಿದೆ, ಶಬ್ದದ ಅರ್ಥ ತಿದ್ದಿದರೆ ಯಾರೂ ಬಸ್ಸು ಹತ್ತಿ ಬರುವುದಿಲ್ಲ. ನಾನೂ ಈ ಕಾರಣಕ್ಕಾಗಿ ಕಾಗದ ತೆಗೆದುಕೊಳ್ಳುತ್ತಿರಲಿಲ್ಲ. ಬರೆಯುತ್ತಿರುವುದು ಮೊನ್ನೆ ರವಿವಾರ ನಡೆದದ್ದನ್ನು ತಿಳಿಸಲು.

ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸುವಾಗ ಅಪ್ಪನ ಧೋತರದ ಮಡಿಕೆಯಿಂದ ಆ ಪ್ಯಾದಿ ಬಿತ್ತು. ನಾನು ಅದನ್ನು ಕಿಟಕಿಯಲ್ಲಿಟ್ಟೆ. ಎಚ್ಚರವಾದ ಮೇಲೆ ಅವರು ಎಡಗೈ ಚಾಚಿ ಚಾಚಿ ಅದನ್ನೇ ಬೇಡಿದರು. ಕೊಟ್ಟೆ. ಅಂದಿನಿಂದ ಅದು ಅವರ ಮುಷ್ಟಿಯಲ್ಲಿದೆ. ಉಣ್ಣುವಾಗ ತೊಡೆಯ ಸಂದಿಯಲ್ಲಿಟ್ಟು, ಉಂಡ ಮೇಲೆ ಮತ್ತೆ ಹಿಡಿಯುತ್ತಾರೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಅದನ್ನು ತೆಗೆದಿಟ್ಟು, ಎಡಗೈಯಿಂದಲೇ ಬಲಗೈಗೆ ರಬ್ಬರಿನ ಚೆಂಡು ಹಿಡಿಸಲು ಹೋದರೆ ಚೆಂಡನ್ನು ಎಸೆದರು. ಅವ್ವ ಬೇಡಿದಳು: "ಕೊಡ್ರಿ ನನ್ನ ಕೈಯಾಗ, ಎಲ್ಲಿ ಹೋಗಾಂ‌ಗಿಲ್ಲ ಅದು." ಕೊಡಲಿಲ್ಲ. ಬಂದ ಗಂಡಸರನ್ನೆಲ್ಲ ತಲೆಯೆತ್ತಿ ನೋಡುತ್ತಾರೆ, ನಿರಾಸೆಯಿಂದ ಮುಷ್ಟಿ ಬಿಗಿಮಾಡಿಕೊಳ್ಳುತ್ತಾರೆ. ತಮ್ಮನ್ನು ಬೀಳಿಸಿದ ಕಾಯಿಯೆಂದು ಸಿಟ್ಟಿಗೆ ಹಿಡಿದಿದ್ದಾರೆ ಎಂದು ಬಂಧುಗಳು ಹೇಳಿದರು. ಒಬ್ಬರು ಅದನ್ನು ಹೊಳೆಗೆ ಬಿಡಿ ಎಂದರು. ಅವ್ವನಿಗೂ ಅದು ಸರಿಯೆನಿಸಿತ್ತು.

ರವಿವಾರ ಮಧ್ಯಾಹ್ನ ನಾನು ಮಣೆ ಹಾಸಿ, ಕಾಯಿಗಳನ್ನು ಅವರ ಮಡಿಲಿಗೆ ಸುರಿದೆ. ಬೆರಳಿಗೆ ಕೆಲಸ ಸಿಗಲಿ ಎಂದಷ್ಟೇ ನನ್ನ ಎಣಿಕೆ. ಕಾಕಾ, ಅಪ್ಪನಿಗೆ ಈಗ ನೀರಿಗೆ ನೀರು ಎನ್ನಲು ಬರುವುದಿಲ್ಲ. ಚಮಚ ತೋರಿಸಿದರೆ ಅದರ ಹೆಸರು ಸಿಗುವುದಿಲ್ಲ, ನನ್ನ ಹೆಸರು ಸಿಗುವುದಿಲ್ಲ. ಅಂಥವರು ಪ್ಯಾದಿಯನ್ನು ತೊಡೆಯ ಸಂದಿಗೆ ಸೇರಿಸಿ, ಎಡಗೈಯಿಂದ ಒಂದೊಂದೇ ಕಾಯಿ ಹೆಕ್ಕಿ ಇಡಲು ಶುರುಮಾಡಿದರು. ಆಟ ಹೂಡುವವರ ಹಾಗೆ ಸಾಲಾಗಿ ಇಡಲಿಲ್ಲ. ಅಲ್ಲೊಂದು ಇಲ್ಲೊಂದು ಇಟ್ಟರು. ಗೊತ್ತಾಗದೆ ಇಡುತ್ತಿದ್ದಾರೆ ಎಂದು ನನ್ನ ಕಣ್ಣು ತುಂಬಿದವು. ಆಮೇಲೆ ಸರಿಯಾಗಿ ನೋಡಿದೆ.

ಮೂಲೆಯಲ್ಲಿ ಅವರ ರಾಜ. ಪಕ್ಕದ ಮನೆಯಲ್ಲಿ ಅವರದೇ ಒಂಟೆ, ಎದುರಿನ ಮನೆಯಲ್ಲಿ ಅವರದೇ ಪ್ಯಾದಿ. ಕಾಯಲು ನಿಂತ ಇಬ್ಬರೂ ರಾಜನ ದಾರಿ ಮುಚ್ಚಿದವರು. ರಾಜನ ನೇರಕ್ಕೆ, ಮಣೆಯ ಆಚೆ ತುದಿಯ ಮೂಲೆಯಲ್ಲಿ ನಿಮ್ಮ ಆನೆಯನ್ನು ನುಂಗಿ ನಿಂತ ಅವರ ಮಂತ್ರಿ. ಮತ್ತು ನಿಮ್ಮ ಒಂಟೆ, ಆ ಪ್ಯಾದಿಯ ಮುಂದಿನ ಮನೆಯಲ್ಲಿ. ಒಂಟೆಗೂ ರಾಜನಿಗೂ ಓರೆಯಾದ ಮನೆಯನ್ನು ಖಾಲಿ ಬಿಟ್ಟರು. ಅಲ್ಲಿ ಬೆರಳಿಟ್ಟು ನನ್ನ ಮುಖ ನೋಡಿದರು.

ನೀವು ನಡೆದ ಮನೆ ಅದು. ಗುರುತು ಸಿಕ್ಕಿತೇ?

ಮಳೆಗಾಲ ಕಳೆದು ಹತ್ತಿ ಒಡೆದಿದೆ. ಇಷ್ಟೂ ಕಾಲ, ಒಂದು ಶಬ್ದವೂ ಉಳಿಯದ ಆ ತಲೆಯೊಳಗೆ ಆ ಆಟ ಒಂದು ಕಾಯಿಯೂ ಸರಿಯದೆ ನಿಂತಿತ್ತು. ಗೋಡೆ ಕುಸಿದ ಮನೆಯೊಳಗೆ ಹೋಗಿ ನೋಡಿದರೆ ದೀಪ ಉರಿಯುತ್ತಿದ್ದ ಹಾಗೆ. ಅಡುಗೆ ಮನೆಯ ಬಾಗಿಲಲ್ಲಿ ಅವ್ವ ಸೌಟು ಹಿಡಿದುಕೊಂಡೇ ನಿಂತುಬಿಟ್ಟಿದ್ದಳು.

ಆಮೇಲೆ ಅವರು ಗೋಡೆಗೆ ಬೆನ್ನು ಕೊಟ್ಟು, ಒಂಟಿ ಕಾಲಿನ ಬಲದ ಮೇಲೆ, ಎದ್ದರು. ಹಿಡಿಯಲು ಹೋದರೆ ಮೊಣಕೈಯಿಂದ ನನ್ನನ್ನು ತಳ್ಳಿದರು. ಪ್ಯಾದಿಯನ್ನು ಒಂದು ಕಣ್ಣಿಗೆ ಒತ್ತಿಕೊಂಡರು, ಇನ್ನೊಂದು ಕಣ್ಣಿಗೆ ಒತ್ತಿಕೊಂಡರು. ಮಣೆಯ ಆಚೆ, ಯಾರೂ ಕೂತಿರದ ಜಾಗದ ಕಡೆ ಕೈ ಚಾಚಿದರು. ನಾನು ಅಂಗೈ ಒಡ್ಡಿದೆ. ತಲೆಯಾಡಿಸಿ ಕೈ ಹಿಂದೆ ತೆಗೆದುಕೊಂಡರು. ಕಾಯಿಯನ್ನು ತುಟಿಯಲ್ಲಿ ಕಚ್ಚಿ ಹಿಡಿದು, ಎಡಗೈಯಿಂದ ತಮ್ಮ ಸತ್ತ ಬಲಗೈಯನ್ನು ಎತ್ತಿ, ಎರಡನ್ನೂ ಜೋಡಿಸಿ ಮುಂದೆ ಒಡ್ಡಲು ನೋಡಿದರು. ಬಲಗೈ ಜಾರಿತು. ಮತ್ತೆ ಎತ್ತಿದರು. ಮತ್ತೆ ಜಾರಿತು.

ಅವ್ವ ಅಂದಳು: "ಸಾಬಗ ಕೊಡಬೇಕಂತಾರ."

ಅಷ್ಟೇ ಕಾಕಾ. ಅವರನ್ನು ನಿಮ್ಮ ಶಬ್ದ ಬೀಳಿಸಲಿಲ್ಲ. ಬೀಳುವಾಗ ಅವರು ನಿಮಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಲು ಏಳುತ್ತಿದ್ದರು. ಜೀವಮಾನವಿಡೀ ಇಬ್ಬರೂ ಕಾದ ನಡೆಯನ್ನು ನೀವು ಅವರಿಗೆ ತೋರಿಸಿದಿರಿ, ಅವರು ಬೆರಗಾದರು. ಆ ಬೆರಗಿನಲ್ಲೇ ಇನ್ನೂ ಇದ್ದಾರೆ, ಏಕೆಂದರೆ ಕಟ್ಟಳೆ ಅರ್ಧಕ್ಕೆ ನಿಂತಿದೆ. ಕೊಡಬೇಕಾದದ್ದನ್ನು ಕೊಡದೆ ಅವರು ಇನ್ನೊಂದು ಆಟ ಹೂಡುವುದಿಲ್ಲ, ಚೆಂಡು ಹಿಡಿಯುವುದಿಲ್ಲ, ಬೆರಳು ಬಿಡಿಸಿ ವ್ಯಾಯಾಮ ಮಾಡುವುದಿಲ್ಲ. ಕೈಗೆ ಕಸುವು ಬರುವುದಿದ್ದರೆ ಈ ತಿಂಗಳುಗಳಲ್ಲೇ ಬರಬೇಕು ಎಂದು ಆ ಹುಡುಗಿ ದಿನವೂ ಹೇಳಿ ಹೋಗುತ್ತಾಳೆ. ನಾನು ಮಗಳು, ನನ್ನಿಂದ ಇದು ಆಗದ ಕೆಲಸ. ಗೆದ್ದವರೇ ಬರಬೇಕು.

ಮಲಗಿದ ಬುದ್ಧನ ಆಕಾರದ ಗುಡ್ಡ ಕಂಡ ಮೇಲೆ ಕಂಡಕ್ಟರಿಗೆ ಹೇಳಿದರೆ ನಮ್ಮ ಓಣಿಯ ಬಾಯಿಗೇ ಇಳಿಸುತ್ತಾನೆ. ಮಧ್ಯಾಹ್ನದ ಊಟವಾದ ಮೇಲೆ ಬನ್ನಿ, ಆ ಹೊತ್ತಿಗೆ ಅಪ್ಪ ಪಡಸಾಲೆಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿರುತ್ತಾರೆ. ಕಾಕಿಯನ್ನೂ ಕರೆತನ್ನಿ, ಅವ್ವನಿಗೆ ಜಗಳಕ್ಕೆ ಜನ ಬೇಕಾಗಿದೆ. ನೀವು ಅಳಬೇಡಿ ಎಂದು ನಾನು ಹೇಳುವುದಿಲ್ಲ. ಕ್ಷಮೆ ಮಾತ್ರ ಕೇಳಬೇಡಿ, ಅವರಿಗೆ ಅದು ಅರ್ಥವಾಗುವುದಿಲ್ಲ. ಬೈಯಿರಿ. "ಲೇ ದ್ಯಾವ್ಯಾ, ಮಂತ್ರಿ ಆಸೆಬುರುಕ ಆದ್ರ ಹಿಂಗ ಆಗ್ತೈತಿ" ಎಂದು ಜೋರಾಗಿ ಬೈಯಿರಿ.

ಇನ್ನೊಂದು. ಅವರು ಎದ್ದಾಗ ನೀವು ಅವಸರ ಮಾಡಿ ಕೈ ಚಾಚಬೇಡಿ. ಕನಿಕರಪಟ್ಟು ಅವರ ಒಂದೇ ಕೈಯಿಂದ ತೆಗೆದುಕೊಳ್ಳಬೇಡಿ. ಅವರ ಬಲಗೈ ಜಾರುತ್ತದೆ, ಅವರು ಮತ್ತೆ ಎತ್ತುತ್ತಾರೆ, ಅದು ಮತ್ತೆ ಜಾರುತ್ತದೆ. ಎಷ್ಟು ಹೊತ್ತಾದರೂ ನಿಂತಿರಿ. ಎರಡೂ ಕೈ ಸೇರಿದ ಮೇಲೆ ತೆಗೆದುಕೊಳ್ಳಿ.

ನಿಮ್ಮ ಮೊಣಕಾಲಿಗೆ ನಮ್ಮ ಮನೆಯ ಮೆಟ್ಟಿಲು ಹತ್ತುವ ಬಲ ಬರಲಿ ಎಂದು ಬೇಡಿಕೊಳ್ಳುತ್ತಾ,

ನೀವು ಹಿಂಜಿದ ಹತ್ತಿಯ ಗಾದಿಯ ಮೇಲೆ ಮಲಗಿ ಬೆಳೆದ
ಮಲ್ಲೂ